ಪ್ರಣಯದ ದೃಶ್ಯ ಬಂದರೆ ಸಸ್ಪೆನ್ಸ್ ಯಾಕೆ ನಿಂತುಹೋಗುತ್ತದೆ?

ನಾಯಕ ನಾಯಕಿ ಹತ್ತಿರ ಬರುವ ಅಧ್ಯಾಯದಲ್ಲಿ ಕೊಲೆಯ ಕಥೆ ನಿಂತೇಹೋಗುತ್ತದೆ, ಆ ದೃಶ್ಯ ತೆಗೆದುಬಿಡಲಾ ಅಂತ ಕೇಳಿದ್ದೀರಿ. ತೆಗೆಯಬೇಡಿ. ಆ ಹೊತ್ತಿನಲ್ಲಿ ಇಬ್ಬರೂ ಏನನ್ನೂ ಮುಚ್ಚಿಡುತ್ತಿಲ್ಲ, ತೊಂದರೆ ಇರುವುದು ಅಲ್ಲಿ.

ಹಿಚ್‌ಕಾಕ್ ಅವರ 1946ರ 'ನಟೋರಿಯಸ್' ಸಿನಿಮಾ ನೋಡಿ. ಗೂಢಚಾರಿಣಿಯಾದ ನಾಯಕಿ ಗಂಡನ ಗೊಂಚಲಿನಿಂದ ನೆಲಮಾಳಿಗೆಯ ಕೀಲಿ ಕದ್ದಿದ್ದಾಳೆ. ಅದು ಮುಷ್ಟಿಯಲ್ಲಿರುವಾಗಲೇ ಗಂಡ ಬಂದು ಪ್ರೀತಿಯಿಂದ ಎರಡೂ ಕೈ ಹಿಡಿಯುತ್ತಾನೆ. ಒಂದು ಮುಷ್ಟಿ ಬಿಡಿಸಿ ಮುತ್ತಿಡುತ್ತಾನೆ. ಇನ್ನೊಂದಕ್ಕೆ ಬರುವಷ್ಟರಲ್ಲಿ ಅವಳು ಅವನನ್ನು ತಬ್ಬಿಕೊಂಡು, ಅವನ ಬೆನ್ನ ಹಿಂದೆ ಕೀಲಿ ಬೀಳಿಸಿ, ಕಾಲಿನಿಂದ ಮೇಜಿನಡಿಗೆ ತಳ್ಳುತ್ತಾಳೆ. ಆ ಅಪ್ಪುಗೆ ತೆಗೆದರೆ ಸಸ್ಪೆನ್ಸೂ ಹೋಯಿತು, ಅಲ್ವಾ?

ನೀವೂ ಒಬ್ಬರ ಕೈಗೆ ಒಂದು ಗುಟ್ಟು ಕೊಡಿ. ಓದುಗರಿಗೆ ಅದು ಮೊದಲೇ ಗೊತ್ತಿರಲಿ. ಅವಳು ರವಿಕೆಯೊಳಗೆ ಬಚ್ಚಿಟ್ಟ ಚೀಟಿಯ ಕಡೆಗೆ ಅವನ ಬೆರಳು ನಿಧಾನವಾಗಿ ಸರಿಯುತ್ತಿದ್ದರೆ ಸಾಕು, ಮೈ ಬಿಸಿಯಾಗುವುದೂ ಎದೆ ಹೊಡೆದುಕೊಳ್ಳುವುದೂ ಒಂದೇ ಸಾಲಿನಲ್ಲಿ ಆಗುತ್ತದೆ. ಬೆಳದಿಂಗಳಂಥ ಮೈ, ಬಳ್ಳಿಯಂಥ ತೋಳು ಎಲ್ಲ ಸುಮ್ನೆ ಜಾಗ ತಿನ್ನುತ್ತವೆ (ನನಗಂತೂ ಅವು ಬಂದರೆ ಪುಟ ಹಾರಿಸುವ ಚಾಳಿ). ಹಾಂ, ದೃಶ್ಯ ಮುಗಿಯುವಾಗ ಒಬ್ಬರಿಗಾದರೂ ಹೊಸ ಅನುಮಾನ ಹುಟ್ಟಿರಲಿ. ತಿದ್ದಿದ ಮೇಲೆ ಇಲ್ಲೇ ಹಾಕಿ, ಓದುತ್ತೇನೆ.