ವಿಶ್ವ ಆರೋಗ್ಯ ಸಂಸ್ಥೆಗೆ ಹೊಸ ಮುಖ್ಯಸ್ಥರು ಬಂದರೆ ಸರಿಹೋಗುತ್ತಾ?

ಸಂಸ್ಥೆಯ ಮುಖ್ಯಸ್ಥ, ಅಂದರೆ ಮಹಾನಿರ್ದೇಶಕ ಟೆಡ್ರೋಸ್ ಅವಧಿ 2027ಕ್ಕೆ ಮುಗಿಯುತ್ತದೆ, ಗಟ್ಟಿ ಮನುಷ್ಯ ಬಂದರೆ ಸಂಸ್ಥೆ ಸುಧಾರಿಸುತ್ತಾ ಅಂತ ಕೇಳಿದ್ದೀರಿ. ನನಗೇನೋ ಅನುಮಾನ. ನಾನು ದಾವಣಗೆರೆ ಜಿಲ್ಲೆಯಲ್ಲಿ ಆರೋಗ್ಯ ಇಲಾಖೆಯ ಸಣ್ಣ ನೌಕರ, ಸಂಸ್ಥೆಯ ಕೇಂದ್ರ ಕಚೇರಿ ಇರುವ ಜಿನೀವಾ ಕಂಡವನಲ್ಲ. ಆದರೆ ಅಲ್ಲಿನ ದುಡ್ಡು ಯಾವ ಕೆಲಸಕ್ಕೆ ಬರುತ್ತದೆ, ಯಾವುದಕ್ಕೆ ಬರುವುದಿಲ್ಲ ಅನ್ನುವುದು ಇಲ್ಲಿಗೂ ಕಾಣುತ್ತದೆ.

ಚುನಾವಣೆ ಆಗಲೇ ಸುಧಾರಿಸಿದೆ. ಮೊದಲೆಲ್ಲ ಕೆಲವೇ ದೇಶಗಳ ಪ್ರತಿನಿಧಿಗಳಿರುವ ಕಾರ್ಯಕಾರಿ ಮಂಡಳಿ ಒಂದೇ ಹೆಸರು ಕಳಿಸುತ್ತಿತ್ತು. 2017ರಲ್ಲಿ ಮೂವರು ಕಣದಲ್ಲಿದ್ದರು, ಸದಸ್ಯ ದೇಶಗಳೆಲ್ಲ ಗುಟ್ಟಾಗಿ ಮತ ಹಾಕಿದವು. (2022ರಲ್ಲಿ ಎದುರಾಳಿಯೇ ಇರಲಿಲ್ಲ, ಅದು ಬೇರೆ ಮಾತು.)

ತೊಡಕಿರುವುದು ದುಡ್ಡಿನಲ್ಲಿ. ನಮ್ಮ ದುರ್ಗಮ್ಮನ ಜಾತ್ರೆಗೆ ಪಟ್ಟಿ ಹಾಕಿದಾಗ ಒಬ್ಬ ಸಾಹುಕಾರ "ನನ್ನ ದುಡ್ಡು ಪೆಂಡಾಲಿಗೆ ಮಾತ್ರ" ಅಂದರೆ ಕಮಿಟಿಯವರು ಏನು ಮಾಡಬೇಕು? ಅಲ್ಲೂ ಹಾಗೇ. ದೇಶಗಳು ಕಡ್ಡಾಯವಾಗಿ ಕಟ್ಟುವ ವಂತಿಗೆ ಬಹಳ ಕಾಲ ಬಜೆಟ್ಟಿನ ಐದರಲ್ಲಿ ಒಂದು ಪಾಲೂ ಇರಲಿಲ್ಲ. ಉಳಿದದ್ದರಲ್ಲಿ ಹೆಚ್ಚಿನದು ಕೊಟ್ಟವರು ಹೇಳಿದ ಕೆಲಸಕ್ಕೇ ಹೋಗಬೇಕು.

ಪೋಲಿಯೊ ನೋಡಿ. 15 ವರ್ಷದೊಳಗಿನ ಮಗುವಿಗೆ ಇದ್ದಕ್ಕಿದ್ದಂತೆ ಕಾಲಿನ ಶಕ್ತಿ ಹೋದರೆ ನಾವು 14 ದಿನದೊಳಗೆ, ಕನಿಷ್ಠ 24 ಗಂಟೆ ಅಂತರದಲ್ಲಿ ಎರಡು ಸಲ ಮಲದ ಸ್ಯಾಂಪಲ್ ತೆಗೆದು, ಪೋಲಿಯೊ ಇದೆಯಾ ಅಂತ ನೋಡಲು ಐಸ್ ಪ್ಯಾಕ್ ಇಟ್ಟು ಲ್ಯಾಬಿಗೆ ಕಳಿಸಬೇಕು. ಇದರ ಮೇಲೆ ಕಣ್ಣಿಡಲು ಡಬ್ಲ್ಯೂಎಚ್‌ಓ (ವಿಶ್ವ ಆರೋಗ್ಯ ಸಂಸ್ಥೆ) ಡಾಕ್ಟ್ರೇ ಇರುತ್ತಾರೆ. ಒಂದು ಕೇಸ್ ತಪ್ಪಿದರೂ ಫೋನ್ ಬರುತ್ತದೆ! ಲಸಿಕೆಯ ಜತೆ ಇಂಥ ನಿಗಾ ಇದ್ದದ್ದಕ್ಕೇ 2014ರಲ್ಲಿ ಭಾರತ ಪೋಲಿಯೊಮುಕ್ತ ಅನ್ನಿಸಿಕೊಂಡಿತು. ಚೆನ್ನಾಗಿ ನಡೆದ ಕೆಲಸ, ಎರಡು ಮಾತಿಲ್ಲ. ಆದರೆ ಪೋಲಿಯೊ ಹೆಸರಲ್ಲಿ ಬಂದ ದುಡ್ಡನ್ನು ಮಳೆಗಾಲದ ಡೆಂಗಿಗೆ ತಿರುಗಿಸಲು ಯಾವ ಮಹಾನಿರ್ದೇಶಕರಿಗೂ ಸುಮ್ನೆ ಆಗುವುದಿಲ್ಲ.

ಇನ್ನು ಆರು ಪ್ರಾದೇಶಿಕ ಕಚೇರಿಗಳಿವೆ, ನಮ್ಮದು ದೆಹಲಿಯಲ್ಲಿ. ಅವುಗಳ ನಿರ್ದೇಶಕರನ್ನು ಆರಿಸುವುದು ಆಯಾ ಭಾಗದ ದೇಶಗಳು. ಹಾಗಾಗಿ ಜಿನೀವಾದ ಮಾತು ಅಲ್ಲಿ ಅಷ್ಟಕ್ಕಷ್ಟೇ. ಇದರ ತೊಂದರೆ ಎಬೋಲಾ ಬಂದಾಗ ಕಂಡಿತು. ಆಫ್ರಿಕಾದ ಗಿನಿಯಲ್ಲಿ ಆ ರೋಗ ಇರುವುದು 2014ರ ಮಾರ್ಚ್‌ನಲ್ಲೇ ಗೊತ್ತಾಗಿತ್ತು. ತುರ್ತುಸ್ಥಿತಿ ಸಾರಿದ್ದು ಆಗಸ್ಟ್ 8ಕ್ಕೆ. ಆ ಪೆಟ್ಟು ತಿಂದ ಮೇಲೆ, 2016ರಲ್ಲಿ ತುರ್ತು ಕೆಲಸಕ್ಕೆ ಬೇರೆ ವಿಭಾಗ ಬಂತು.

ನನ್ನ ಲೆಕ್ಕದಲ್ಲಿ ನಿಜವಾದ ಸುಧಾರಣೆ 2022ರದ್ದು: 2030ರ ಹೊತ್ತಿಗೆ ಮೂಲ ಬಜೆಟ್ಟಿನ (ಸಂಸ್ಥೆಯ ನಿತ್ಯದ ಕೆಲಸದ ದುಡ್ಡಿನ) ಅರ್ಧ ಕಡ್ಡಾಯ ವಂತಿಗೆಯಿಂದಲೇ ಬರಬೇಕು ಅಂತ ದೇಶಗಳು ಒಪ್ಪಿದವು. 2023ರಲ್ಲಿ ಶೇ 20, 2025ರಲ್ಲಿ ಮತ್ತೆ ಶೇ 20 ಏರಿಸಿದರು. ಅಷ್ಟರಲ್ಲಿ, 2025ರ ಜನವರಿಯಲ್ಲಿ, ಎಲ್ಲರಿಗಿಂತ ಜಾಸ್ತಿ ಕೊಡುತ್ತಿದ್ದ ಅಮೆರಿಕ ಹೊರಟೆ ಅಂದಿತು. 2026-27ಕ್ಕೆ ಅಂದುಕೊಂಡಿದ್ದ 530 ಕೋಟಿ ಡಾಲರ್ ಬಜೆಟ್ 420 ಕೋಟಿಗೆ ಇಳಿಯಿತು. ಹೊಸದಾಗಿ ಬರುವವರು ಯಾರೇ ಆಗಲಿ, ಈ ಇಕ್ಕಟ್ಟಿನಲ್ಲೇ ಕೆಲಸ ಶುರು ಮಾಡಬೇಕು.