ಲುಕೇಮಿಯಾ ರಿಪೋರ್ಟಿನಲ್ಲಿ ಜೀನ್ ಹೆಸರು ಇದ್ದರೆ ಅದು ಅಪ್ಪ-ಅಮ್ಮನಿಂದ ಬಂದದ್ದಾ?

ನಿಮ್ಮ ಅಕ್ಕನ ನಾಲ್ಕು ವರ್ಷದ ಮಗನಿಗೆ ಬಿ-ಎಎಲ್‌ಎಲ್ (ಮಕ್ಕಳಲ್ಲಿ ಹೆಚ್ಚಾಗಿ ಬರುವ ರಕ್ತದ ಕ್ಯಾನ್ಸರ್) ಅಂತ ಬರೆದಿದ್ದೀರಿ. ಒಂದು ರಿಪೋರ್ಟಿನಲ್ಲಿ ಕ್ಯಾರಿಯೋಟೈಪ್ (ಕ್ರೋಮೋಸೋಮುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡುವ ಟೆಸ್ಟ್) ನಾರ್ಮಲ್, ಇನ್ನೊಂದರಲ್ಲಿ ಇಟಿವಿ6-ರನ್‌ಎಕ್ಸ್1 (ಎರಡು ಜೀನುಗಳು ಕೂಡಿಕೊಂಡದ್ದು) ಪಾಸಿಟಿವ್. ಯಾವುದನ್ನು ನಂಬೋದು, ಅವನ ತಂಗಿಗೂ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ್ದೀರಿ. ನಾನು ಡಾಕ್ಟರ್ ಅಲ್ಲ, ಇಂಥ ಸ್ಯಾಂಪಲ್ ನೋಡುವ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ.

ಎರಡೂ ರಿಪೋರ್ಟ್ ಸರಿಯೇ. ಇಲ್ಲಿ 12 ಮತ್ತು 21ನೇ ಕ್ರೋಮೋಸೋಮುಗಳು ತುದಿಯ ಚೂರುಗಳನ್ನು ಅದಲುಬದಲು ಮಾಡಿಕೊಂಡಿರುತ್ತವೆ. ಆ ಚೂರುಗಳು ನೋಡೋಕೆ ಹೆಚ್ಚುಕಡಿಮೆ ಒಂದೇ ಥರ. ಹಾಗಾಗಿ ಮಾಮೂಲಿ ಕ್ಯಾರಿಯೋಟೈಪಿನಲ್ಲಿ ಕಣ್ಣಿಗೆ ಬೀಳೋದಿಲ್ಲ. ಫಿಶ್ ಟೆಸ್ಟಿನಲ್ಲಿ ಒಂದು ಜೀನಿಗೆ ಹಸಿರು, ಇನ್ನೊಂದಕ್ಕೆ ಕೆಂಪು ಬಣ್ಣ ಅಂಟಿಸುತ್ತೇವೆ. ಸರಿಯಾದ ಕೋಶದಲ್ಲಿ ಎರಡು ಹಸಿರು, ಎರಡು ಕೆಂಪು ಚುಕ್ಕೆ ಬೇರೆಬೇರೆ ಕಾಣುತ್ತವೆ. ಕ್ಯಾನ್ಸರ್ ಕೋಶದಲ್ಲಿ ಒಂದು ಹಸಿರು, ಒಂದು ಕೆಂಪು ಕೂಡಿಕೊಂಡು ಹಳದಿಯಾಗಿರುತ್ತದೆ. ಸಾಕಷ್ಟು ಕೋಶಗಳಲ್ಲಿ ಆ ಹಳದಿ ಕಂಡರೆ ಪಾಸಿಟಿವ್.

ಇದು ಆ ಕ್ಯಾನ್ಸರ್ ಕೋಶಗಳಲ್ಲಿ ಆಗಿರುವ ಬದಲಾವಣೆ, ಅಪ್ಪ-ಅಮ್ಮನಿಂದ ಬಂದದ್ದಲ್ಲ. ಎಷ್ಟೋ ಸಲ ಮಗು ಹೊಟ್ಟೆಯಲ್ಲಿ ಇರುವಾಗಲೇ ಒಂದು ರಕ್ತಕೋಶದಲ್ಲಿ ಶುರುವಾಗಿರುತ್ತದೆ. ಅದೊಂದೇ ಸಾಲದು, ಮುಂದೆ ಇನ್ನೂ ಕೆಲವು ಜೀನ್ ಕೆಡಬೇಕು. ಬಸುರಿಯಲ್ಲಿ ಏನೋ ತಿಂದೆ ಅಂತ ನಿಮ್ಮ ಅಕ್ಕ ಸುಮ್ನೆ ಕೊರಗೋದು ಬೇಡ. ತಂಗಿಗೆ ಟೆಸ್ಟ್ ಬೇಕಿಲ್ಲ. ಒಂದೇ ಥರದ ಅವಳಿಗಳಾಗಿದ್ದರೆ ಮಾತು ಬೇರೆ. ಮನೆತನದ ಕಡೆ ನೋಡಬೇಕಾದ ಬಗೆಗಳೂ ಇವೆ. ಕ್ಯಾನ್ಸರ್ ಕೋಶದ ಕ್ರೋಮೋಸೋಮುಗಳ ಸಂಖ್ಯೆ 32–39ಕ್ಕೆ ಇಳಿದಿರುವ ಅಪರೂಪದ ಒಂದು ಬಗೆಯಲ್ಲಿ ಟಿಪಿ53 ಜೀನಿನ ದೋಷ ಹುಟ್ಟಿನಿಂದಲೇ ಇರುವ ಸಾಧ್ಯತೆ ಜಾಸ್ತಿ. ನಿಮ್ಮದು ಅದಲ್ಲ.

ಗುಣವಾಗುವ ವಿಷಯಕ್ಕೆ ಬಂದರೆ, ಇದು ಒಳ್ಳೆಯ ಗುಂಪು. ಮಕ್ಕಳ ಬಿ-ಎಎಲ್‌ಎಲ್‌ನಲ್ಲಿ ಸುಮಾರು ನಾಲ್ಕರಲ್ಲಿ ಒಂದು ಇದೇ. ಪೂರ್ತಿ ಚಿಕಿತ್ಸೆ ಸಿಕ್ಕರೆ 90%ಗಿಂತ ಜಾಸ್ತಿ ಮಕ್ಕಳು ಕಾಯಿಲೆ ಪತ್ತೆಯಾಗಿ ಐದು ವರ್ಷ ಆದ ಮೇಲೂ ಬದುಕಿರುತ್ತಾರೆ. ಇವರಲ್ಲಿ ಕೆಲವರಿಗೆ ಕಾಯಿಲೆ ವರ್ಷಗಳಾದ ಮೇಲೆ ಮರುಕಳಿಸೋದುಂಟು, ಅದಕ್ಕೇ ಫಾಲೋಅಪ್ ಬಿಡಬಾರದು.

ನೆಟ್‌ನಲ್ಲಿ ಹಳೇ ಲೇಖನ ಓದಿ ಹೆದರಬೇಡಿ. ಫಿಲಡೆಲ್ಫಿಯಾ ಕ್ರೋಮೋಸೋಮ್ (9 ಮತ್ತು 22ನೇ ಕ್ರೋಮೋಸೋಮುಗಳ ಚೂರು ಅದಲುಬದಲಾಗುವ ಇನ್ನೊಂದು ಬಗೆ) ಇದ್ದರೆ ಮಗು ಉಳಿಯೋದೇ ಕಷ್ಟ ಅನ್ನೋ ಕಾಲವಿತ್ತು. ಇಮ್ಯಾಟಿನಿಬ್ ಥರದ ಮಾತ್ರೆಗಳನ್ನು ಕೀಮೋ ಜೊತೆ ಕೊಡೋಕೆ ಶುರುಮಾಡಿದ ಮೇಲೆ ಆ ಲೆಕ್ಕವೇ ಬದಲಾಯಿತು. ಜೀನ್ ಅದೇ, ಔಷಧಿ ಬೇರೆ, ಅಲ್ವಾ? ಒಂದು ವರ್ಷದೊಳಗಿನ ಕೂಸುಗಳಲ್ಲಿ ಬರುವ ಕೆಎಂಟಿ2ಎ ಜೀನಿನ ಬದಲಾವಣೆ ಇವತ್ತಿಗೂ ಕಠಿಣವೇ, ಆದರೆ ಅಲ್ಲೂ ಹೊಸ ಔಷಧಿಗಳು ಬರುತ್ತಿವೆ.

ಈಗ ನೀವು ಕಾಯಬೇಕಾದ್ದು ಎಂಆರ್‌ಡಿ ರಿಪೋರ್ಟಿಗೆ. ಮೊದಲ ತಿಂಗಳ ಕೀಮೋ ಮುಗಿದ ಮೇಲೆ ಮಜ್ಜೆಯಲ್ಲಿ ಎಷ್ಟು ಕ್ಯಾನ್ಸರ್ ಕೋಶ ಉಳಿದಿವೆ ಅಂತ ನೋಡುತ್ತಾರೆ. 0.01%ಗಿಂತ ಕಡಿಮೆ, ಅಂದರೆ ಹತ್ತು ಸಾವಿರಕ್ಕೆ ಒಂದಕ್ಕಿಂತ ಕಮ್ಮಿ ಇದ್ದರೆ ಚೆನ್ನಾಗಿದೆ. ಜೀನ್ ಒಳ್ಳೆಯದಿದ್ದೂ ಎಂಆರ್‌ಡಿ ಜಾಸ್ತಿ ಬಂದರೆ ಡಾಕ್ಟರ್ ಚಿಕಿತ್ಸೆ ಬಿಗಿ ಮಾಡುತ್ತಾರೆ. ನನ್ನನ್ನು ಕೇಳಿದರೆ, ಜೀನ್ ಹೆಸರಿಗಿಂತ ಈ ಅಂಕಿಯ ಮೇಲೆ ಕಣ್ಣಿಡಿ.

ಇನ್ನೊಂದು ವಿಷಯ ಕೇಳಿಡಿ. ಎನ್‌ಯುಡಿಟಿ15, ಟಿಪಿಎಂಟಿ ಅನ್ನೋ ಜೀನುಗಳ ಬಗೆ ನಿಜವಾಗಿ ಅಪ್ಪ-ಅಮ್ಮನಿಂದ ಬರುವಂಥದ್ದು. 6-ಎಂಪಿ ಅನ್ನೋ ಕೀಮೋ ಮಾತ್ರೆಯನ್ನು ಮಗುವಿನ ದೇಹ ಎಷ್ಟು ತಾಳಿಕೊಳ್ಳುತ್ತದೆ ಅನ್ನೋದು ಇವುಗಳಿಂದ ತಿಳಿಯುತ್ತದೆ. ಆ ಮಾತ್ರೆ ಶುರುವಾಗುವ ಮೊದಲೇ ಟೆಸ್ಟ್ ಆಗಿದೆಯಾ ಅಂತ ಡಾಕ್ಟರನ್ನು ಕೇಳಿ.