ಪೆಸೊ ಸಂಬಳಕ್ಕೆ ಸಹಿ ಹಾಕೋ ಮುಂಚೆ

ತಮ್ಮಾ, ನೀನು ಕೇಳಿರೋದು ಇಷ್ಟು: ಮೈಸೂರಿನ ಕೆಲಸ ಬಿಟ್ಟು ಅರ್ಜೆಂಟೀನಾದ ಬ್ಯೂನಸ್ ಐರಿಸ್‌ಗೆ ಹೋಗೋ ಅವಕಾಶ ಸಿಕ್ಕಿದೆ, ಸಂಬಳ ಪೆಸೊದಲ್ಲಿ, ಅಲ್ಲಿ ಅರ್ಥಶಾಸ್ತ್ರಜ್ಞನೇ ಅಧ್ಯಕ್ಷನಾಗಿ ಮುಕ್ತ ಮಾರುಕಟ್ಟೆ ತರ್ತಿದ್ದಾನಂತೆ, ಊರೂ ಅಗ್ಗವಂತೆ, ಬರಬಹುದಾ ಅಂತ.

ಬರಬಹುದು. ಆದರೆ ಅಗ್ಗ ಅನ್ನೋದನ್ನ ಮೊದಲು ತಲೆಯಿಂದ ತೆಗೆ. ನೀನು ನೋಡಿರೋ ವೀಡಿಯೊಗಳು 2022–23ರವು ಇರಬೇಕು. ಆಗ ಡಾಲರಿಗೆ ಬ್ಯಾಂಕ್ ಕೊಡೋ ಪೆಸೊ ದರ ಒಂದು, ಇಲ್ಲಿನ ಫ್ಲೋರಿಡಾ ಬೀದಿಯಲ್ಲಿ ‘ಕಾಂಬಿಯೊ, ಕಾಂಬಿಯೊ’ (ಹಣ ಬದಲಾವಣೆ) ಅಂತ ಕೂಗೋರ ‘ಬ್ಲೂ’ ಅನ್ನೋ ಕಾಳಸಂತೆ ದರ ಅದರ ಎರಡು ಪಟ್ಟು. ಡಾಲರ್ ತಂದವನೇ ರಾಜ. ಆ ಕಾಲ ಮುಗೀತು.

ನೀನು ಹೇಳಿದ ಆ ಅಧ್ಯಕ್ಷ ಹವಿಯೇರ್ ಮಿಲೇ ಅಧಿಕಾರಕ್ಕೆ ಬಂದದ್ದು 2023ರ ಡಿಸೆಂಬರ್ 10ಕ್ಕೆ. ಟಿವಿ ಚರ್ಚೆಗಳಲ್ಲಿ ಕೂಗಾಡಿ ಹೆಸರು ಮಾಡಿದ ಅರ್ಥಶಾಸ್ತ್ರದ ಮೇಷ್ಟ್ರು ಈತ. ಸಾಕಿರೋ ನಾಯಿಗಳಿಗೂ ಅರ್ಥಶಾಸ್ತ್ರಜ್ಞರ ಹೆಸರೇ. ಬಂದ ಕೂಡಲೇ 18 ಸಚಿವಾಲಯಗಳನ್ನ 9ಕ್ಕೆ ಇಳಿಸಿದರು. ಡಾಲರಿಗೆ 366 ಪೆಸೊ ಇದ್ದ ಅಧಿಕೃತ ದರವನ್ನ ಒಂದೇ ಏಟಿಗೆ 800 ಮಾಡಿದರು. ಆ ಒಂದು ತಿಂಗಳಲ್ಲೇ ಬೆಲೆಗಳು 25.5% ಏರಿದವು. ಸರ್ಕಾರ ಆದಾಯ ಮೀರಿ ಖರ್ಚು ಮಾಡೋದನ್ನೂ, ಕೊರತೆ ತುಂಬೋಕೆ ನೋಟು ಅಚ್ಚು ಹಾಕೋದನ್ನೂ ನಿಲ್ಲಿಸಿತು. ಒಂದು ವರ್ಷದ ಹೊತ್ತಿಗೆ ತಿಂಗಳ ಏರಿಕೆ 2.7%ಕ್ಕೆ ಇಳೀತು. ಇದಕ್ಕೆ ಬೆಲೆ ತೆತ್ತವರು ಪಿಂಚಣಿದಾರರು, ಸರ್ಕಾರಿ ನೌಕರರು. ಬಡತನ 2024ರ ಮೊದಲರ್ಧದಲ್ಲಿ 52.9%ಕ್ಕೆ ಹೋಗಿ, 2025ರ ಮೊದಲರ್ಧಕ್ಕೆ 31.6%ಕ್ಕೆ ಬಂತು. ಔಷಧಿ ಕೆಲಸ ಮಾಡಿದೆ ಅಂತಲೇ ನನ್ನ ಅಭಿಪ್ರಾಯ, ಆದರೆ ಸುಲಭದ ಔಷಧಿ ಅಲ್ಲ.

ನಿನಗೆ ಮುಖ್ಯವಾದದ್ದು ಬೇರೆ. 2024ರಲ್ಲಿ ಡಾಲರ್ ದರವನ್ನ ತಿಂಗಳಿಗೆ 2% ಮಾತ್ರ ಏರೋಕೆ ಬಿಟ್ಟರು, ಬೆಲೆಗಳು ಅದಕ್ಕಿಂತ ಜೋರಾಗಿ ಓಡಿದವು. ವರ್ಷಕ್ಕೆ ಬೆಲೆ ಏರಿದ್ದು 117.8%, ಅಧಿಕೃತ ಡಾಲರ್ ಏರಿದ್ದು 808ರಿಂದ 1032ಕ್ಕೆ. ಈಗ ಲೆಕ್ಕ ಹಾಕು: ವರ್ಷದ ಶುರುವಿನಲ್ಲಿ 1000 ಪೆಸೊ ಇದ್ದ ಸಾಮಾನು ಕೊನೆಗೆ ಸುಮಾರು 2178 ಪೆಸೊ. ಡಾಲರಿನಲ್ಲಿ ಅದು 1.24ರಿಂದ 2.11ಕ್ಕೆ ಹೋಯ್ತು. ಹಣದುಬ್ಬರ ಇಳಿದಿದೆ, ಊರು ದುಬಾರಿಯಾಗಿದೆ, ಎರಡೂ ನಿಜ. 2025ರ ಏಪ್ರಿಲ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿ ಐಎಂಎಫ್‌ನಿಂದ 2000 ಕೋಟಿ ಡಾಲರ್ ಸಾಲದ ಒಪ್ಪಂದವಾದ ಮೇಲೆ, ಸಾಮಾನ್ಯ ಜನ ಡಾಲರ್ ಕೊಳ್ಳೋಕೆ ಇದ್ದ ‘ಸೆಪೊ’ ಅನ್ನೋ ಕಟ್ಟು ತೆಗೆದು, ದರ 1000–1400ರ ನಡುವೆ ತೇಲೋಕೆ ಬಿಟ್ಟರು. ಆಮೇಲೆ ಬ್ಲೂ ದರದ ಲಾಭ ಬಹುಮಟ್ಟಿಗೆ ಕರಗಿತು.

ಹಾಗಾಗಿ ಆಫರ್ ಲೆಟರ್ ಬಂದಾಗ ಅದರಲ್ಲಿರೋ ದೊಡ್ಡ ಅಂಕಿ ನೋಡಿ ಹಿಗ್ಗಬೇಡ. ‘ಎನ್ ಮಾನೊ’ ಎಷ್ಟು ಅಂತ ಕೇಳು, ಅಂದರೆ ಕೈಗೆ ಸಿಗೋದು. ಪಿಂಚಣಿಗೆ 11%, ವೃದ್ಧರ ಆರೋಗ್ಯ ನಿಧಿಗೆ 3%, ‘ಒಬ್ರಾ ಸೋಸಿಯಲ್’ ಅನ್ನೋ ಆರೋಗ್ಯ ವ್ಯವಸ್ಥೆಗೆ 3%, ಒಟ್ಟು 17% ಮೂಲದಲ್ಲೇ ಹೋಗುತ್ತೆ. ಸಂಬಳ ದೊಡ್ಡದಾದರೆ ಆದಾಯ ತೆರಿಗೆ ಬೇರೆ. ಎರಡನೇ ಪ್ರಶ್ನೆ: ಎಷ್ಟು ತಿಂಗಳಿಗೊಮ್ಮೆ ಏರಿಸ್ತೀರಿ? ಯೂನಿಯನ್ ವ್ಯಾಪ್ತಿಯ ಕೆಲಸಕ್ಕೆ ‘ಪರಿತಾರಿಯಾ’ ಅನ್ನೋ ಯೂನಿಯನ್–ಮಾಲೀಕರ ಮಾತುಕತೆಯಲ್ಲಿ ತೀರ್ಮಾನ ಆಗುತ್ತೆ. ಯೂನಿಯನ್ ವ್ಯಾಪ್ತಿಯ ಹೊರಗಿನವನಿಗೆ ಕಂಪನಿ ಮನಸ್ಸು ಮಾಡಿದಾಗ ಮಾತ್ರ. ಅರೆದ ಕಬ್ಬಿನ ಬಾಕಿ ವರ್ಷ ತಡವಾಗಿ ಬಂದರೆ ಮಂಡ್ಯದ ರೈತನಿಗೆ ಏನಾಗುತ್ತೋ, ತಡವಾದ ಏರಿಕೆಯಿಂದ ನಿನಗೂ ಅದೇ ಆಗುತ್ತೆ. ಅವಧಿ ಕಾಗದದ ಮೇಲೆ ಬರೆಸಿಕೋ. ಜೂನ್ ಮತ್ತು ಡಿಸೆಂಬರ್‌ನಲ್ಲಿ ಅರ್ಧರ್ಧ ತಿಂಗಳ ಹೆಚ್ಚುವರಿ ಸಂಬಳ ‘ಅಗಿನಾಲ್ದೊ’ ಕಾನೂನಿನಿಂದ ಬರೋದು, ಅದನ್ನ ಬೋನಸ್ ಅಂತ ತೋರಿಸಿದರೆ ನಂಬಬೇಡ. 2024ರ ಕಾನೂನು ಪ್ರಾಯೋಗಿಕ ಅವಧಿಯನ್ನ 3ರಿಂದ 6 ತಿಂಗಳಿಗೆ ಏರಿಸಿತು, ಅದು ಮುಗಿಯೋವರೆಗೆ ಕೈಯಲ್ಲಿ ಉಳಿತಾಯ ಇರಲಿ.

ಮನೆ ವಿಚಾರದಲ್ಲಿ ಸುಧಾರಣೆಯಿಂದ ಲಾಭವೇ ಆಗಿದೆ. 2020ರ ಕಾನೂನು ಮೂರು ವರ್ಷದ ಕರಾರು, ವರ್ಷಕ್ಕೊಂದೇ ಸಲ ಏರಿಕೆ ಅಂತ ಕಟ್ಟುಪಾಡು ಮಾಡಿತ್ತು. ಆ ಹಣದುಬ್ಬರದಲ್ಲಿ ಮಾಲೀಕರು ಬಾಡಿಗೆಗೆ ಕೊಡೋದನ್ನೇ ಬಿಟ್ಟಿದ್ದರು. 2023ರ ಕೊನೆಯ ಸುಗ್ರೀವಾಜ್ಞೆ ಅದನ್ನ ರದ್ದು ಮಾಡಿತು, ಖಾಲಿ ಮನೆಗಳು ಮಾರುಕಟ್ಟೆಗೆ ಬಂದವು. ಈಗ ಕರಾರು ಯಾವ ಕರೆನ್ಸಿಯಲ್ಲಾದರೂ ಆಗಬಹುದು. ಪೆಸೊ ಕರಾರಾದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಬೆಲೆ ಸೂಚ್ಯಂಕದಂತೆ ಬಾಡಿಗೆ ಏರೋದು ಸಾಮಾನ್ಯ, ಸಂಬಳ ಅದರ ಜೊತೆ ಏರದಿದ್ದರೆ ತೊಂದರೆ ಅಲ್ಲೇ. ಹೊಸಬರು ಎಡವೋದು ‘ಗರಂತಿಯಾ’ದಲ್ಲಿ. ಬ್ಯೂನಸ್ ಐರಿಸ್‌ನಲ್ಲೇ ಸ್ವಂತ ಮನೆ ಇರೋ ಜಾಮೀನುದಾರ ಬೇಕು ಅಂತಾರೆ. ನಿನಗೆ ಯಾರೂ ಇರಲ್ಲ, ‘ಸೆಗುರೊ ದೆ ಕೌಸಿಯೋನ್’ ಅನ್ನೋ ವಿಮೆ ಒಪ್ಪುವ ಮನೆಯನ್ನೇ ಹುಡುಕು. ಬಾಡಿಗೆ ಜೊತೆಗೆ ಕಟ್ಟಡದ ನಿರ್ವಹಣೆ ಖರ್ಚು ‘ಎಸ್ಪೆನ್ಸಾಸ್’ ಎಷ್ಟು, ಹಿಂದಿನ ತಿಂಗಳ ರಸೀದಿ ತೋರಿಸಿ ಅಂತ ಕೇಳು. ಸಬ್ಸಿಡಿ ಕಡಿತದಿಂದ ಕರೆಂಟು, ಗ್ಯಾಸ್ ಬಿಲ್ ಕೂಡ ಹಳೇ ಮಟ್ಟದಲ್ಲಿಲ್ಲ. ಬಸ್ಸು ಮೆಟ್ರೊಗೆ ‘ಸೂಬೆ’ ಕಾರ್ಡ್ ತಗೊಂಡು ಹೆಸರಿಗೆ ನೋಂದಾಯಿಸು, ನೋಂದಾಯಿಸದ ಕಾರ್ಡಿಗೆ ದರ ಹೆಚ್ಚು.

ಆಸ್ಪತ್ರೆ ಪುಕ್ಕಟೆ ಅಂತ ಕೇಳಿದ್ದರೆ ಅದೂ ಹಳೇ ಮಾತು. 2025ರ ಮೇ ತಿಂಗಳ ಸುಗ್ರೀವಾಜ್ಞೆ ಪ್ರಕಾರ ಶಾಶ್ವತ ವಾಸದ ಪರವಾನಗಿ ಇಲ್ಲದವರು, ತುರ್ತು ಚಿಕಿತ್ಸೆ ಬಿಟ್ಟು, ಕೇಂದ್ರ ಸರ್ಕಾರ ನಡೆಸೋ ಆಸ್ಪತ್ರೆಗೂ ದುಡ್ಡು ಕೊಡಬೇಕು. ಒಬ್ರಾ ಸೋಸಿಯಲ್ ಶುರುವಾಗೋವರೆಗೆ ಪ್ರಯಾಣ ವಿಮೆ ಇರಲಿ.

ನಗದು ತರೋದಾದರೆ 100 ಡಾಲರಿನ ಹೊಸ ನೋಟೇ ತಾ. ‘ಸಣ್ಣ ಮುಖ’ದ ಹಳೇ ನೋಟಿಗೆ, ಹರಿದ, ಸೀಲು ಬಿದ್ದ ನೋಟಿಗೆ ಕಡಿಮೆ ಕೊಡ್ತಾರೆ, ಇಲ್ಲ ಬೇಡ ಅಂತಾರೆ.

ಕಾಗದ ಪತ್ರದ ಕೆಲಸ ಮಾತ್ರ ಮೈಸೂರಲ್ಲಿ ಇರುವಾಗಲೇ ಮುಗಿಸು. ಜನನ ಪ್ರಮಾಣಪತ್ರ, ಮದುವೆಯಾಗಿದ್ದರೆ ಅದರದ್ದು, ಪದವಿ, ಪಾಸ್‌ಪೋರ್ಟ್ ಕಚೇರಿಯ ಪೊಲೀಸ್ ಕ್ಲಿಯರೆನ್ಸ್, ಎಲ್ಲಕ್ಕೂ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್, ಅಂದರೆ ಹೊರದೇಶದಲ್ಲಿ ನಡೆಯೋ ದೃಢೀಕರಣ, ಬೇಕು. ಕಳೆದ ಮೂರು ವರ್ಷದಲ್ಲಿ ಬೇರೆ ದೇಶದಲ್ಲಿ ಒಂದು ವರ್ಷಕ್ಕಿಂತ ಹೆಚ್ಚು ಇದ್ದಿದ್ದರೆ ಆ ದೇಶದ ಪೊಲೀಸ್ ಕ್ಲಿಯರೆನ್ಸೂ ಬೇಕು. ಜನನ ಪತ್ರದಲ್ಲಿ, ಪಾಸ್‌ಪೋರ್ಟ್‌ನಲ್ಲಿ ಇನಿಷಿಯಲ್ ಒಂದೇ ರೀತಿ ಇದೆಯಾ ನೋಡಿಕೋ; ‘ಎಂ. ಎಸ್.’ ಅಂತ ಒಂದು ಕಡೆ, ತಂದೆ ಹೆಸರು ಪೂರ್ತಿ ಇನ್ನೊಂದು ಕಡೆ ಇದ್ದರೆ ಗುರುತಿನ ಚೀಟಿ ‘ದೆ ಎನೆ ಇ’ ಹಂತದಲ್ಲಿ ಸಿಕ್ಕಿಹಾಕಿಕೊಳ್ತೀಯ. ಸ್ಪ್ಯಾನಿಷ್ ಅನುವಾದವನ್ನ ಮೈಸೂರಲ್ಲಿ ಮಾಡಿಸಿ ದುಡ್ಡು ಹಾಳು ಮಾಡಬೇಡ, ಇಲ್ಲಿ ಅರ್ಜೆಂಟೀನಾದ ನೋಂದಾಯಿತ ಅನುವಾದಕರದ್ದೇ ಬೇಕು. ವೀಸಾಗೆ ಮುಂಬೈ ಕಾನ್ಸುಲೇಟ್‌ನಲ್ಲಾ, ದೆಹಲಿ ರಾಯಭಾರ ಕಚೇರಿಯಲ್ಲಾ ಅಂತ ಕಂಪನಿಯವರನ್ನ ಈಗಲೇ ಕೇಳು.